ಫೋನಿನ ಆಚೆ ಇದ್ದ ಇನ್ನೊಬ್ಬಳು

ಆ ಮನೆಗೆ ನಾನು ಫೋನ್ ಮಾಡಬೇಕಾಗಿ ಬಂದದ್ದು ನನಗೆ ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ.

ಆಗ ನಾನು ಆಕ್ಲೆಂಡಿನ ಒಂದು ಆರೋಗ್ಯ ವಿಮೆ ಕಂಪನಿಯಲ್ಲಿ, ಚಿಕಿತ್ಸೆಗೆ ಮುಂಚೆಯೇ ಒಪ್ಪಿಗೆ ಕೊಡುವ ವಿಭಾಗದಲ್ಲಿದ್ದೆ. ಸದಸ್ಯರ ಡಾಕ್ಟರು ನಮಗೆ ಬರೆಯುತ್ತಾರೆ: ಇಂಥವರಿಗೆ ಇಂಥ ಚಿಕಿತ್ಸೆ ಬೇಕು, ಖರ್ಚು ನಿಮ್ಮದೇ? ನಾವು ಪಾಲಿಸಿ ಓದಿ ಹೌದು ಅಥವಾ ಇಲ್ಲ ಎನ್ನಬೇಕು. ಇದೇ ಊರಿನ ಒನೆಹುಂಗಾ ಬಡಾವಣೆಯಲ್ಲಿ ಹುಟ್ಟಿ ಬೆಳೆದ ನನ್ನ ಟೀಮ್ ಲೀಡರ್ ಒಂದು ಬೆಳಿಗ್ಗೆ ಒಂದು ಕಡತವನ್ನು ನನ್ನ ಮೇಜಿನ ಮೇಲಿಟ್ಟಳು. “ಈ ಸದಸ್ಯೆಗೆ ಇಂಗ್ಲಿಷ್ ಕಷ್ಟವಂತೆ. ಭಾಷೆ ಕನ್ನಡ ಅಂತ ಬರೆದಿದೆ. ಅದು ನಿನ್ನದೇ ಅಲ್ಲವೇ?” ಎಂದಳು.

ಸದಸ್ಯೆ ಧಾರವಾಡದ ಕಡೆಯ ಯುವತಿ. ಚಿಕ್ಕವಳಿದ್ದಾಗ ಬಂದ ಜ್ವರವೊಂದು ಹೃದಯದ ಕವಾಟವನ್ನು ಕೆಡಿಸಿದ್ದರಿಂದ ಅದನ್ನು ತೆಗೆದು ಲೋಹದ ಕವಾಟ ಕೂರಿಸಿದ್ದರು. ಹಾಗೆ ಮಾಡಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಬದುಕಿರುವವರೆಗೂ ಮಾತ್ರೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಅವಳ ಡಾಕ್ಟರ ಮಾತು ಸ್ಪಷ್ಟವಾಗಿತ್ತು. ಈಕೆ ಗರ್ಭಿಣಿಯಾದರೆ ಜೀವಕ್ಕೆ ಅಪಾಯ. ಸಾಮಾನ್ಯ ಗರ್ಭನಿರೋಧಕ ಮಾತ್ರೆ ಕೊಟ್ಟರೆ ರಕ್ತ ಹೆಪ್ಪುಗಟ್ಟುವ ಭಯ. ಕಾಪರ್-ಟಿ ಹಾಕಿದರೆ ರಕ್ತಸ್ರಾವ ಹೆಚ್ಚುವ ಭಯ. ಉಳಿದದ್ದು ಗರ್ಭಕೋಶದೊಳಗೆ ಇಡುವ, ನಿಧಾನವಾಗಿ ಹಾರ್ಮೋನ್ ಬಿಡುವ, ಇಲ್ಲಿ ಕಾಯಿಲ್ ಎನ್ನುವ ಪುಟ್ಟ ಸಾಧನ ಒಂದೇ. ರಕ್ತ ತೆಳುವಾಗಿರುವುದರಿಂದ ಅದನ್ನು ಆಸ್ಪತ್ರೆಯಲ್ಲೇ ಹಾಕಬೇಕು. ‘ಉದ್ದೇಶ’ ಎಂಬಲ್ಲಿ ಡಾಕ್ಟರು ಒಂದೇ ಪದ ಬರೆದಿದ್ದರು: ಗರ್ಭನಿರೋಧ.

ತೊಡಕು ಇದ್ದದ್ದು ಅಲ್ಲೇ. ನಮ್ಮ ಪಾಲಿಸಿಯಲ್ಲಿ ಗರ್ಭನಿರೋಧಕ್ಕೆ, ಅದು ಮಾತ್ರೆಯಿರಲಿ ಸಾಧನವಿರಲಿ, ರಕ್ಷಣೆ ಇರಲಿಲ್ಲ. ಈ ದೇಶದಲ್ಲಿ ನೆಲೆಯಾದವರಿಗೆ ಮಾತ್ರೆಗಳು ಸರ್ಕಾರದ ಸಹಾಯದಿಂದಲೇ ಸಿಗುವಾಗ ಖಾಸಗಿ ವಿಮೆ ಯಾಕೆ ಕೊಡಬೇಕು ಎಂಬುದು ಅದರ ಹಿಂದಿನ ಲೆಕ್ಕಾಚಾರ. ಆದರೆ ಇವಳ ಗಂಡ ಎಂಜಿನಿಯರ್, ಕಡಿಮೆ ಅವಧಿಯ ವರ್ಕ್ ಪರ್ಮಿಟ್ ಮೇಲೆ ಬಂದವನು. ಸರ್ಕಾರದ ಸೌಲಭ್ಯ ಇಬ್ಬರಿಗೂ ಇರಲಿಲ್ಲ. ಅವನ ಕಂಪನಿ ಕೊಟ್ಟ ಗುಂಪು ಪಾಲಿಸಿಯೊಂದೇ ಆಸರೆ. ಹಳೆಯ ಕಾಯಿಲೆಗಳು ಅದರಲ್ಲಿ ಸೇರಿದ್ದವು. ಗರ್ಭನಿರೋಧ ಸೇರಿರಲಿಲ್ಲ.

ಇಲ್ಲ ಎನ್ನುವ ಮುಂಚೆ ಸದಸ್ಯೆಯನ್ನು ಮಾತಾಡಿಸುವುದು ಪದ್ಧತಿ. ಹೆಡ್‌ಸೆಟ್ ಹಾಕಿಕೊಂಡು ಫೋನ್ ಮಾಡಿದೆ.

“ಹಲೋ” ಎಂದಿತು ಒಂದು ಧ್ವನಿ. ಎಳೆಯ, ಇಂಪಾದ, ಹಾಡು ಕಲಿತವರ ಧ್ವನಿ. ನಾನು ಯಾರೆಂದು ಹೇಳಿ, ಕರೆ ರೆಕಾರ್ಡ್ ಆಗುತ್ತದೆ ಎಂದು ತಿಳಿಸಿ, ಗುರುತಿನ ಪ್ರಶ್ನೆಗಳನ್ನು ಕೇಳಿದೆ. ಪೂರ್ತಿ ಹೆಸರು, ಹುಟ್ಟಿದ ದಿನ, ಮನೆಯ ವಿಳಾಸ, ಸದಸ್ಯತ್ವದ ಸಂಖ್ಯೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರುತ್ತಿತ್ತು.

“ನಿಮ್ಮ ಡಾಕ್ಟರು ಒಂದು ಚಿಕಿತ್ಸೆಗೆ ಬರೆದಿದಾರೆ. ಅದರ ಬಗ್ಗೆ ಸ್ವಲ್ಪ ಕೇಳಬೇಕಿತ್ತು” ಎಂದೆ.

ಆಗ ಸಾಲಿನಲ್ಲಿ ಕಟ್ ಎಂದು ಒಂದು ಸದ್ದಾಯಿತು. ಆಕೆಯ ಧ್ವನಿ ತುಸು ದೂರ ಸರಿದಂತೆ ಸಣ್ಣಗಾಯಿತು.

“ನನಗ ಅದು ಬ್ಯಾಡ್ರಿ. ಡಾಕ್ಟರು ಸುಮ್ಮನ ಬರದಾರ. ನನಗ ಮಗು ಬೇಕ್ರಿ. ಬ್ಯಾಡ ಅಂದ್ಲು ಅಂತ ಬರ್ಕೊಂಡು ಬಿಡ್ರಿ.”

“ಡಾಕ್ಟರ ಹತ್ತಿರ ಇದನ್ನ ಮಾತಾಡಿದೀರಾ?”

“ಹೂಂ. ಆಕಿ... ನಾ ಮಾತಾಡೀನ್ರಿ.”

ನಾನು ಟೈಪ್ ಮಾಡುತ್ತ ಸುಮ್ಮನಾದೆ. ಆ ಮೌನದಲ್ಲಿ ಕೇಳಿಸಿತು. ಟಿಕ್, ಟಿಕ್, ಟಿಕ್. ತೆಳುವಾದ, ಒಣಗಿದ ಸದ್ದು. ಗೋಡೆ ಗಡಿಯಾರ ಇರಬೇಕು ಎಂದುಕೊಂಡೆ. ಆದರೆ ಅದು ಗೋಡೆಯ ಕಡೆಯಿಂದ ಬರುತ್ತಿರುವಂತೆ ಅನ್ನಿಸಲಿಲ್ಲ. ನನ್ನ ಕಿವಿಯ ಪಕ್ಕದಲ್ಲೇ, ಯಾರೋ ಹೆಡ್‌ಸೆಟ್ಟಿನೊಳಗೆ ಕೂತು ಉಗುರಿನಿಂದ ಮೀಟುತ್ತಿರುವಷ್ಟು ಹತ್ತಿರವಾಗಿತ್ತು. ಏನಾದರೂ ಕೇಳುವುದಿದ್ದರೆ ಎಂದು ನನ್ನ ನೇರ ನಂಬರ್ ಕೊಟ್ಟು ಕರೆ ಮುಗಿಸಿದೆ. ಆ ಸದ್ದು ಮಾತ್ರ ಕಿವಿಯಲ್ಲೇ ಉಳಿಯಿತು. ಏಕೆಂದು ಆಗ ಗೊತ್ತಾಗಲಿಲ್ಲ.

ಸದಸ್ಯೆ ತಾನೇ ಬೇಡ ಎಂದರೆ ಇನ್ನೊಮ್ಮೆ ಕರೆ ಮಾಡಿ ಖಚಿತ ಮಾಡಿಕೊಂಡು ಕಡತ ಮುಚ್ಚಬೇಕು. ಮಾರನೆಯ ದಿನ ಮಾಡಿದೆ. ಅದೇ ಧ್ವನಿ. ಸ್ವಲ್ಪ ಹೊತ್ತಿಗೆ ಅದೇ ಕಟ್ ಎಂಬ ಸದ್ದು. ಆಮೇಲೆ, “ನನಗ ಅದು ಬ್ಯಾಡ್ರಿ. ಡಾಕ್ಟರು ಸುಮ್ಮನ ಬರದಾರ. ನನಗ ಮಗು ಬೇಕ್ರಿ.” ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಪಾಠ ಒಪ್ಪಿಸಿದ ಹಾಗೆ. ಆ ಮಾತಿನ ಹಿಂದೆ ಟಿಕ್ ಟಿಕ್ ಸದ್ದು ಈ ಸಲ ಓಡುತ್ತಿತ್ತು.

ಎರಡೂ ರೆಕಾರ್ಡಿಂಗ್‌ಗಳನ್ನು ಟೀಮ್ ಲೀಡರ್‌ಗೆ ಕೇಳಿಸಿದೆ. “ಗಡಿಯಾರ” ಎಂದಳು. “ಗುರುತು ಸರಿಹೊಂದಿದೆ. ಆಕೆ ಬೇಡ ಅಂದಿದ್ದಾಳೆ. ಬೇಕು ಅಂದಿದ್ದರೂ ಪಾಲಿಸಿಯಲ್ಲಿ ಇಲ್ಲ. ಇದರಲ್ಲಿ ಇನ್ನೇನು ಉಳಿದಿದೆ?”

ಅವಳು ಹೇಳಿದ್ದು ಸರಿ. ಆದರೂ ಕಡತ ಮುಚ್ಚಲು ಕೈ ಬರಲಿಲ್ಲ. ಹೆಂಡರ್ಸನ್ ಬಡಾವಣೆಯ ನಮ್ಮ ಮನೆಯಲ್ಲಿ ಎರಡು ಫೋನ್‌ಗಳಿದ್ದವು, ಅಡುಗೆಮನೆಯಲ್ಲಿ ಒಂದು, ಮಹಡಿಯ ಮೇಲೆ ಒಂದು. ಆ ಸಂಜೆ ನಾನು ಗೆಳತಿಯ ಜೊತೆ ಮಾತಾಡುತ್ತಿರುವಾಗ ಮೇಲಿನಿಂದ ಮಗಳು ರಿಸೀವರ್ ಎತ್ತಿದಳು. ಕಟ್ ಎಂದಿತು. ಗೆಳತಿಯ ಧ್ವನಿ ಸಣ್ಣಗಾಯಿತು. “ಸಾರಿ ಮಮ್, ಡಿಡ್ನ್ಟ್ ನೋ ಯೂ ವರ್ ಆನ್” ಎಂದು ಮಗಳು ಇಟ್ಟುಬಿಟ್ಟಳು. ನಾನು ಮಾತ್ರ ಸೌಟು ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಆ ಮನೆಯಲ್ಲೂ ಹೀಗೆಯೇ ಯಾರೋ ಎರಡನೆಯ ರಿಸೀವರ್ ಎತ್ತಿದ್ದರು. ಎರಡೂ ಸಲ. ಎತ್ತಿ, ಮಾತಾಡದೆ ನಿಂತಿದ್ದರು.

ನಮ್ಮ ವೈದ್ಯ ಸಲಹೆಗಾರರು ಹೃದಯದ ವಾರ್ಡುಗಳಲ್ಲಿ ಬಹಳ ಕಾಲ ಕೆಲಸ ಮಾಡಿ ನಿವೃತ್ತರಾದ ಡಾಕ್ಟರು. ವಾರಕ್ಕೊಮ್ಮೆ ಕಚೇರಿಗೆ ಬರುತ್ತಿದ್ದರು. ಅವರಿಗೆ ಕನ್ನಡದ ಒಂದು ಪದವೂ ಬಾರದು. ಹೆಡ್‌ಸೆಟ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದರು. ಮಧ್ಯದಲ್ಲಿ ನಿಲ್ಲಿಸಿ, “ಇಲ್ಲಿ ಆ ಹೆಂಗಸು ಏನು ಹೇಳಿದಳು?” ಎಂದರು.

“ಮಗು ಬೇಕು ಅಂದಳು.”

ಇನ್ನೊಮ್ಮೆ ಕೇಳಿದರು. ಹೆಡ್‌ಸೆಟ್ ತೆಗೆದು ನಿಧಾನವಾಗಿ ಮೇಜಿನ ಮೇಲಿಟ್ಟರು.

“ಇದು ಗಡಿಯಾರವಲ್ಲ. ಗಡಿಯಾರಕ್ಕೆ ಹೆದರಿಕೆಯಾಗುವುದಿಲ್ಲ. ಇದು ಕವಾಟ. ಲೋಹದ ಕವಾಟ ಮುಚ್ಚಿದಾಗೆಲ್ಲ ಹೀಗೆ ಸದ್ದಾಗುತ್ತದೆ. ಶಾಂತವಾದ ಕೋಣೆಯಲ್ಲಿ ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತದೆ. ಬಾಯಿ ತೆರೆದರೆ ಇನ್ನೂ ಜೋರು.” ನನ್ನ ಕಡೆ ತಿರುಗಿದರು. “ಮಾತಾಡುತ್ತಿರುವ ಹೆಂಗಸು ಯಾರೋ ನನಗೆ ಗೊತ್ತಿಲ್ಲ. ನಿನ್ನ ಸದಸ್ಯೆ ಇನ್ನೊಂದು ಫೋನ್ ಹಿಡಿದು ನಿಂತಿದ್ದಾಳೆ. ಮಾತಾಡಲು ಬಾಯಿ ತೆರೆದಿದ್ದಾಳೆ. ಮಾತು ಬಂದಿಲ್ಲ.”

ಕಚೇರಿಯ ಹವಾನಿಯಂತ್ರಕದ ಗುಂಯ್‌ಗುಡುವಿಕೆಯೂ ಆಗ ನನಗೆ ಅಸಹ್ಯವಾಯಿತು. ಎರಡು ಸಲ ನಾನು ಅವಳ ಜೊತೆಯಲ್ಲೇ ಇದ್ದೆ. ಅವಳ ಎದೆಯ ಸದ್ದನ್ನು ಕೇಳುತ್ತ, ಅವಳಿಗೆ ಇದು ಬೇಡವಂತೆ ಎಂದು ಬರೆದುಕೊಳ್ಳುತ್ತ ಕೂತಿದ್ದೆ.

ಅವಳ ಗಂಡನನ್ನು ಕೇಳುವಂತಿರಲಿಲ್ಲ. ಪಾಲಿಸಿ ಅವನ ಹೆಸರಲ್ಲೇ ಇದ್ದರೂ ಹೆಂಡತಿಯ ಚಿಕಿತ್ಸೆಯ ಮಾತನ್ನು ಅವಳ ಅನುಮತಿಯಿಲ್ಲದೆ ಅವನೊಂದಿಗೂ ಆಡಬಾರದು. ನಾನು ಅವಳ ಡಾಕ್ಟರಿಗೆ ಬರೆದು ಎರಡು ವಿಷಯ ಕೇಳಿದೆ. ಸದಸ್ಯೆಯ ಇಚ್ಛೆಯನ್ನು, ಮನೆಯವರು ಯಾರೂ ಇಲ್ಲದಾಗ, ಹೊರಗಿನ ದುಭಾಷಿಯ ಮೂಲಕ ಕೇಳಿ ತಿಳಿಸಬೇಕು. ಹಾಗೆಯೇ, ಗರ್ಭನಿರೋಧವನ್ನು ಬಿಟ್ಟು ಈ ಕಾಯಿಲ್‌ಗೆ ಬೇರೆ ವೈದ್ಯಕೀಯ ಕಾರಣ ಇದೆಯೇ, ಉದಾಹರಣೆಗೆ ಅತಿ ರಕ್ತಸ್ರಾವ? ಅದೇ ಕಾಯಿಲ್ ರಕ್ತಸ್ರಾವದ ಚಿಕಿತ್ಸೆಯಾದರೆ ಪಾಲಿಸಿಯಲ್ಲಿ ಜಾಗವಿತ್ತು. ಬರೆದ ಪದ ಬದಲಿಸಿ ಎಂದು ಡಾಕ್ಟರಿಗೆ ಹೇಳುವ ಹಕ್ಕು ನನಗಿರಲಿಲ್ಲ. ಯಾರೂ ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳಬಹುದಿತ್ತು.

ಉತ್ತರಕ್ಕೆ ಕಾಯುತ್ತಿದ್ದಾಗ ನನ್ನ ನೇರ ನಂಬರಿಗೆ ಒಂದು ಕರೆ ಬಂತು. ಎತ್ತಿ ಹೆಸರು ಹೇಳಿದೆ. ಆಚೆ ಉಸಿರಾಟವೂ ಇಲ್ಲ. ಟಿಕ್, ಟಿಕ್, ಟಿಕ್.

ಗುರುತು ಕೇಳದೆ ಯಾರೊಂದಿಗೂ ಮಾತಾಡಬಾರದು ಎಂಬುದು ನಮ್ಮ ಮೊದಲ ನಿಯಮ. ಗುರುತು ಕೇಳಿದರೆ ಆಕೆ ಜೋರಾಗಿ ತನ್ನ ಹೆಸರು ಹೇಳಬೇಕು. ಆ ಮನೆಯಲ್ಲಿ ಇನ್ನೊಂದು ಕಿವಿ ಇತ್ತು. ಸುತ್ತ ಎಲ್ಲರೂ ತಮ್ಮ ತಮ್ಮ ಕರೆಗಳಲ್ಲಿ ಮುಳುಗಿದ್ದರು. ನಾನು ಮೈಕಿಗೆ ಹತ್ತಿರ ಬಾಗಿದೆ.

“ನೀವು ಯಾರು ಅಂತ ನಾನು ಕೇಳಲ್ಲ. ನೀವು ಮಾತಾಡಬೇಕಾಗಿಯೂ ಇಲ್ಲ. ಈ ದೇಶದಲ್ಲಿ ಯಾರಾದರೂ ಡಾಕ್ಟರ ಹತ್ತಿರ ಹೋದಾಗ, ನಾನು ಒಬ್ಬಳೇ ಒಳಗೆ ಬರ್ತೀನಿ ಅಂತ ಹೇಳಬಹುದು. ಜೊತೆಗೆ ಬಂದವರನ್ನ ನರ್ಸ್ ಹೊರಗೆ ಕೂರಿಸ್ತಾರೆ. ರಕ್ತ ಪರೀಕ್ಷೆಗೆ ಹೋದಾಗಲೂ ಅಷ್ಟೇ. ಅಲ್ಲಿ ಏನು ಹೇಳಿದರೂ ಮನೆಗೆ ಬರಲ್ಲ.”

ಸದ್ದು ಓಡಿತು, ಓಡಿತು, ಆಮೇಲೆ ಸ್ವಲ್ಪ ನಿಧಾನವಾಯಿತು. ಕರೆ ಕಡಿದುಹೋಯಿತು. ಟೀಮ್ ಲೀಡರ್‌ಗೆ ನಡೆದದ್ದನ್ನು ಅಂದೇ ಹೇಳಿದೆ. ಅವಳು, “ಉತ್ತರ ಬರುವ ತನಕ ಕಡತ ತೆರೆದಿರಲಿ” ಎಂದಳು.

ಆ ಮಧ್ಯೆ ಯುಗಾದಿ ಬಂತು. ಹೆಂಡರ್ಸನ್ನಿನ ಒಂದು ಶಾಲೆಯ ಹಾಲ್‌ನಲ್ಲಿ ನಮ್ಮ ಕನ್ನಡದವರ ಊಟ. ಮಕ್ಕಳು ವೇದಿಕೆಯ ಮೇಲೆ ಓಡಾಡುತ್ತಿದ್ದರು. ನಾನು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಹಿಂದಿನಿಂದ ಯಾರೋ ಹೇಳಿದರು: “ಹೋಳಿಗಿ ಭಾಳ ಮೆತ್ತಗ ಆಗ್ಯಾವ ನೋಡ್ರಿ.”

ಅದೇ ಧ್ವನಿ. ಎಳೆಯದು, ಇಂಪಾದದ್ದು. ತಿರುಗಿ ನೋಡಿದೆ. ನನ್ನ ಹಿಂದೆ ಇದ್ದದ್ದು ಅರವತ್ತರ ಆಸುಪಾಸಿನ ಹೆಂಗಸು. ಇಳಕಲ್ ಸೀರೆ, ಬಿಳಿಯ ಕೂದಲು, ಕೆನ್ನೆಯಲ್ಲಿ ಸುಕ್ಕು. ಆ ಮುಖದೊಳಗಿಂದ ಹುಡುಗಿಯ ಧ್ವನಿ ಬರುತ್ತಿತ್ತು. ಪಕ್ಕದಲ್ಲಿ ತೆಳ್ಳಗಿನ ಯುವತಿಯೊಬ್ಬಳು, ಕತ್ತಿನವರೆಗೂ ಗುಂಡಿ ಹಾಕಿದ ರವಿಕೆ ತೊಟ್ಟು, ನೆಲ ನೋಡುತ್ತ ನಿಂತಿದ್ದಳು. ಅವಳ ಗಂಡನಿರಬೇಕು, ನಗುನಗುತ್ತಾ ಎಲ್ಲರಿಗೂ ನೀರಿನ ಲೋಟ ಹಂಚುತ್ತಿದ್ದ.

ಹಾಲಿನ ಗದ್ದಲದಲ್ಲಿ ಬೇರೇನೂ ಕೇಳಿಸುವಂತಿರಲಿಲ್ಲ. ಆದರೂ ನನ್ನ ಕಿವಿ ಆ ಯುವತಿಯ ಎದೆಯ ಕಡೆಗೇ ಹೋಯಿತು.

“ನಿಮ್ಮ ಊರು ಯಾವುದ್ರಿ?” ಆ ಹೆಂಗಸು ನನ್ನನ್ನು ಕೇಳಿದರು.

“ಮೈಸೂರು ಆಂಟಿ” ಎಂದೆ.

ಎರಡೇ ಪದ. ಅವರ ಕಣ್ಣುಗಳು ನನ್ನ ಮುಖದ ಮೇಲೆ ನಿಂತುಬಿಟ್ಟವು. ನಾನು ಅವರ ಧ್ವನಿಯನ್ನು ಗುರುತಿಸಿದಂತೆಯೇ ಅವರೂ ನನ್ನದನ್ನು ಗುರುತಿಸಿದ್ದರು. ತಲೆ ಎತ್ತಿದ ಆ ಯುವತಿ ನಮ್ಮಿಬ್ಬರನ್ನೂ ನೋಡಿದಳು. ಮೂವರಿಗೂ ಗೊತ್ತಿತ್ತು. ಮೂವರೂ ಒಬ್ಬರಿಗೊಬ್ಬರು ಅಪರಿಚಿತರಾಗಿ, ಹೋಳಿಗೆಗೆ ಕಾಯುತ್ತ ನಿಂತಿದ್ದೆವು.

ಊಟ ಮುಗಿಸಿ ಹೊರಗಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಗ ಅವರು ಹಿಂದೆ ಬಂದು ನಿಂತರು. ಹಗಲಿನ ಬಿಸಿಲು, ಕಾರುಗಳ ಸಾಲು, ನಾವಿಬ್ಬರೇ.

“ನಿಮಗ ಹೆಣ್ಣ ಮಗಳು ಅದಾಳೇನ್ರಿ?”

“ಇದಾಳೆ.”

“ಹಂಗಾದ್ರ ನಿಮಗ ತಿಳೀತೈತಿ. ನನ್ನ ಮಗಳು ಗಟ್ಟಿ ಅದಾಳ್ರಿ. ಸಣ್ಣಾಕಿದ್ದಾಗ ಆಪರೇಷನ್ ಆತು, ಮುಗೀತು. ಬೀಗರಿಗೆ ನಾವು ಅಷ್ಟ ಹೇಳೀವಿ. ಈಗ ಮಕ್ಕಳು ಬ್ಯಾಡ ಅಂದ್ರ, ಯಾಕ ಅಂತ ಕೇಳ್ತಾರ. ಕೂಸಿಲ್ಲದ ಸೊಸೀನ ಎಷ್ಟ ದಿನಾ ಇಟ್ಕೋತಾರ್ರಿ? ನಾ ಸತ್ತ ಮ್ಯಾಲೆ ಆಕಿಗೆ ಯಾರದಾರ?”

ತಾಯಿ. ನನಗೆ ಅತ್ತೆಯಿರಬಹುದು ಅನ್ನಿಸಿತ್ತು. ಅತ್ತೆಯಾಗಿದ್ದರೆ ಸಿಟ್ಟು ಮಾಡಿಕೊಳ್ಳುವುದು ಸುಲಭವಾಗಿರುತ್ತಿತ್ತು. ಹೆತ್ತವಳೇ ಮಗಳ ಹೆಸರು, ಮಗಳ ಹುಟ್ಟಿದ ದಿನ, ಮಗಳ ವಯಸ್ಸಿನ ಧ್ವನಿ ತೊಟ್ಟು ಫೋನಿನ ಮುಂದೆ ಕೂತಿದ್ದಳು. ಮಗಳಿಗೆ ಒಂದು ಮನೆ ಉಳಿಸಿಕೊಡಲು ಅವಳ ಜೀವವನ್ನೇ ಒತ್ತೆಯಿಡುತ್ತಿದ್ದೇನೆ ಎಂದು ಆ ಹೆಂಗಸಿಗೆ ಅನ್ನಿಸಿಯೇ ಇರಲಿಲ್ಲ.

ನಾನು ಹೇಳಬಹುದಾದದ್ದು ಒಂದೇ ಮಾತು. “ನೀವು ಯಾರ ವಿಷಯ ಹೇಳ್ತಿದೀರೋ ನನಗೆ ಗೊತ್ತಿಲ್ಲ ಆಂಟಿ.”

“ಗೊತ್ತೈತ್ರಿ ನಿಮಗ” ಎಂದರು ಅವರು, ಅದೇ ಎಳೆಯ ಧ್ವನಿಯಲ್ಲಿ, ಮೆಲ್ಲಗೆ. ನಲ್ಲಿ ತಿರುಗಿಸಿ ನಿಲ್ಲಿಸಿ ಒಳಗೆ ಹೋದರು.

ಮುಂದಿನ ವಾರ ಡಾಕ್ಟರ ಉತ್ತರ ಬಂತು. ರಕ್ತ ಪರೀಕ್ಷೆಗೆ ಬಂದಾಗ ಸದಸ್ಯೆ ತಾನಾಗಿಯೇ ನರ್ಸಿನ ತೋಳು ಹಿಡಿದು, ಒಬ್ಬಳೇ ಒಳಗೆ ಹೋಗಬೇಕು ಎಂದು ಕೈಸನ್ನೆ ಮಾಡಿದಳಂತೆ. ತಾಯಿಯನ್ನು ಹೊರಗೆ ಕೂರಿಸಿ ಫೋನಿನಲ್ಲಿ ದುಭಾಷಿಯನ್ನು ಕರೆಸಿದರಂತೆ. ಆಕೆಗೆ ಕಾಯಿಲ್ ಬೇಕು. ಎರಡನೆಯ ಪ್ರಶ್ನೆಗೂ ಉತ್ತರವಿತ್ತು: ಪ್ರತಿ ತಿಂಗಳು ವಿಪರೀತ ರಕ್ತಸ್ರಾವ, ಅದರಿಂದ ರಕ್ತಹೀನತೆ. ಸಂಕೋಚಕ್ಕೆ ಯಾರಿಗೂ ಹೇಳಿರಲಿಲ್ಲ. ಪರೀಕ್ಷೆಯ ಫಲಿತಾಂಶ ಜೊತೆಗಿತ್ತು.

ಗೆದ್ದೆವು ಎಂದುಕೊಂಡೆ. ಆದರೆ ಕಂಪನಿಯ ಪರಿಶೀಲನಾ ಸಮಿತಿ ಅದನ್ನು ಹಿಂದಕ್ಕೆ ಕಳಿಸಿತು. ಮೊದಲು ಗರ್ಭನಿರೋಧ ಎಂದು ಬರೆದು, ನಾವು ಕೇಳಿದ ಮೇಲೆ ರಕ್ತಸ್ರಾವ ಎಂದರೆ, ನಾವೇ ಉತ್ತರ ಹೇಳಿಕೊಟ್ಟ ಹಾಗಾಗಲಿಲ್ಲವೇ? ಸಂಶಯ ನ್ಯಾಯವಾದದ್ದೇ. ನಮ್ಮ ಸಲಹೆಗಾರರಾದ ಮುದುಕ ಡಾಕ್ಟರು ತಾವೇ ಸಭೆಗೆ ಬಂದರು. “ರಕ್ತಹೀನತೆ ಪ್ರಯೋಗಾಲಯದಲ್ಲಿ ಅಳೆದದ್ದು. ಅದಕ್ಕೆ ಯಾರೂ ಉತ್ತರ ಹೇಳಿಕೊಡಲಾಗದು. ಒಂದೇ ಸಾಧನ ಎರಡು ಕೆಲಸ ಮಾಡುತ್ತದೆ. ಒಂದಕ್ಕೆ ನೀವು ಕೊಡುತ್ತೀರಿ, ಇನ್ನೊಂದಕ್ಕೆ ಕೊಡುವುದಿಲ್ಲ. ಕೊಡದಿರುವ ಕೆಲಸವನ್ನೂ ಅದು ಮಾಡುತ್ತದೆ ಎಂಬ ತಪ್ಪಿಗೆ ಕೊಡಬೇಕಾದದ್ದನ್ನು ನಿಲ್ಲಿಸುತ್ತೀರಾ?” ಎಂದರು. ಟೀಮ್ ಲೀಡರ್ ನನ್ನ ಪಕ್ಕದಲ್ಲಿ ಕೂತಿದ್ದಳು. “ನಾನು ಒಪ್ಪಿಗೆಗೆ ಶಿಫಾರಸು ಮಾಡುತ್ತೇನೆ” ಎಂದು ಮೊದಲು ಹೇಳಿದವಳು ಅವಳೇ.

ಒಪ್ಪಿಗೆ ಸಿಕ್ಕಿತು. ಗರ್ಭನಿರೋಧದ ಷರತ್ತು ಮಾತ್ರ ಪಾಲಿಸಿಯಲ್ಲಿ ಹಾಗೆಯೇ ಉಳಿಯಿತು. ರಕ್ತಸ್ರಾವವಿಲ್ಲದ, ಆದರೆ ಅದೇ ಕವಾಟವಿರುವ ಇನ್ನೊಬ್ಬಳು ಬಂದಿದ್ದರೆ ನಾನು ಇಲ್ಲ ಎಂದೇ ಬರೆಯಬೇಕಾಗಿತ್ತು. ಆ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ಸುದ್ದಿಯನ್ನು ಮನೆಗೆ ಹೇಳುವಂತಿರಲಿಲ್ಲ. ಅವಳು ಕ್ಲಿನಿಕ್ಕಿಗೆ ಬಂದಿದ್ದಾಗ ನರ್ಸ್ ನನಗೆ ಫೋನ್ ಮಾಡಿ ರಿಸೀವರ್ ಅವಳ ಕೈಗೆ ಕೊಟ್ಟಳು. ಪದ್ಧತಿಯಂತೆ ಹೆಸರು ಕೇಳಿದೆ. ಮೊದಲು ಟಿಕ್, ಟಿಕ್ ಸದ್ದು. ಆಮೇಲೆ ಒಡೆದ, ಗಡುಸಾದ, ತಾಯಿಗಿಂತ ವಯಸ್ಸಾದವರದು ಎನ್ನಿಸುವ ಧ್ವನಿಯೊಂದು ತನ್ನ ಪೂರ್ತಿ ಹೆಸರು ಹೇಳಿತು.

“ನಾನ್ರಿ” ಎಂದಳು. “ಇದು ನಾನ ಮಾತಾಡಾಕತ್ತೀನಿ.”

ಒಪ್ಪಿಗೆಯಾದದ್ದನ್ನು ತಿಳಿಸಿದೆ. ಗಂಡನಿಗೆ ಗೊತ್ತೇ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು: “ನಮ್ಮನಿಯವರಿಗೆ ನಿನ್ನೆ ನಾನ ಹೇಳೀನ್ರಿ. ಪೂರಾ ಹೇಳೀನಿ. ಅವರು ಅತ್ತರು. ಬ್ಯಾಡ ಅನ್ನಲಿಲ್ಲ. ಅವ್ವಗ ಇನ್ನಾ ಹೇಳಿಲ್ಲ.”

ಕಾಯಿಲ್ ಹಾಕಿದ ಕೆಲವು ದಿನಗಳ ಮೇಲೆ, ಮಧ್ಯಾಹ್ನದ ಊಟದ ಹೊತ್ತಿಗೆ, ನನ್ನ ನೇರ ನಂಬರ್ ಮತ್ತೆ ಸದ್ದು ಮಾಡಿತು. ತಾಯಿ. ಆ ಎಳೆಯತನ ಧ್ವನಿಯಿಂದ ಇಳಿದುಹೋಗಿತ್ತು. ಈ ಸಲ ಅವರು ತಮ್ಮದೇ ಹೆಸರು ಹೇಳಿದರು.

“ದವಾಖಾನಿಗೆ ಹೋಗಿ ಬಂದಾಗಿಂದ ಆಕಿ ನನ್ನ ಕೂಡ ಮಾತಾಡವಲ್ಲಳು. ಅಳಿಯಾನೂ ಏನೂ ಹೇಳವಲ್ಲ. ನೀವು ಒಂದ ಹೇಳ್ರಿ. ಕೂಸು ಆಗಿದ್ರ ಆಕಿ ಖರೇನ ಉಳೀತಿದ್ದಿಲ್ಲೇನ್ರಿ?”

“ಅವರ ವಿಷಯ ಅವರ ಅನುಮತಿ ಇಲ್ಲದೆ ನಾನು ಹೇಳೋ ಹಾಗಿಲ್ಲ ಆಂಟಿ” ಎಂದೆ. “ನೀವು ಅವರನ್ನೇ ಕೇಳಬೇಕು.”

“ಕೇಳಾಕ ಅಂಜಿಕಿ ಆಗತೈತ್ರಿ.”

“ಆದ್ರೂ ಕೇಳಿ.”

ರಿಸೀವರನ್ನು ಮೇಜಿನ ಮೇಲೆ ಇಟ್ಟ ಸದ್ದಾಯಿತು. ಕರೆ ಮುಗಿಸುವುದನ್ನು ಮರೆತಿದ್ದರು. ಹೆಜ್ಜೆಗಳು ದೂರವಾದವು. ಒಂದು ಬಾಗಿಲು ತೆರೆಯಿತು.

“ತಂಗೀ,” ಎಂದು ಮಗಳನ್ನು ಕರೆದರು, “ಎದ್ದೀಯೇನವ್ವಾ? ನಿನ್ನ ಒಂದ ಮಾತ ಕೇಳೂದಿತ್ತು.”

ಆಮೇಲೆ ಆ ಒಡಕು ಧ್ವನಿ ಹೇಳಿತು: “ಬಾ ಅವ್ವಾ. ಇಲ್ಲೇ ಕೂಡು.”

ಅಲ್ಲಿಂದ ಮುಂದಿನದು ಅವರಿಬ್ಬರ ಮಾತು. ನಾನು ಫೋನ್ ಇಟ್ಟೆ.